ಹೆಸರಿನ ಹಿಂದಿನ ಹೆಸರು

ಬೆಳ್ಳಂದೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಸಿರಿ ಎಂಬ ಎಂಟು ವರ್ಷದ ಹುಡುಗಿಯಿದ್ದಾಳೆ. ಸಂಜೆಯ ಹೊತ್ತು ನಮ್ಮ ಜಗಲಿಗೆ ಬಂದು ಪ್ರಶ್ನೆ ಕೇಳುವುದು ಅವಳ ವಾಡಿಕೆ. ಒಂದು ದಿನ ಬಂದವಳೇ ಮುನಿಸಿನಿಂದ ಕೇಳಿದಳು: "ತಾತ, ನಮ್ಮಪ್ಪನ ಫೋನಿನೊಳಗೆ ಮಾತಾಡೋ ಹೆಂಗಸಿಗೂ ಸಿರಿ ಅಂತಲೇ ಹೆಸರು. ನನ್ನ ಹೆಸರು ಅವರು ಯಾಕೆ ತಗೊಂಡ್ರು?"

ಸಂಪತ್ತು, ಶೋಭೆ, ಲಕ್ಷ್ಮಿ ಎಂಬ ಅರ್ಥದ ನಮ್ಮ 'ಸಿರಿ' ಸಂಸ್ಕೃತದ 'ಶ್ರೀ'ಯಿಂದ ಬಂದ ತದ್ಭವ. ಆಪಲ್ ಕಂಪನಿ 2011ರಲ್ಲಿ ತನ್ನ ಫೋನಿಗೆ ಅಳವಡಿಸಿದ ಆ ಯಂತ್ರಸಹಾಯಕಿಯ ಹೆಸರಾದರೋ ಬೇರೆಯದೇ ಸಿರಿ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಡಾಗ್ ಕಿಟ್ಲಾಸ್ ನಾರ್ವೆಯ ನಂಟುಳ್ಳವರು. ಆ ಸೀಮೆಯ ಹೆಣ್ಣುಮಕ್ಕಳ ಹಳೆಯ ಹೆಸರೊಂದನ್ನು ಅವರು ಯಂತ್ರಕ್ಕೆ ಇಟ್ಟರು. ಅದರ ಪೂರ್ಣರೂಪ ಸಿಗ್ರಿಡ್. ಅದಕ್ಕೂ ಹಿಂದಿನದು, ಪ್ರಾಚೀನ ನಾರ್ಸ್ ಭಾಷೆಯ ಸಿಗ್ರೀದ್ರ್. 'ಸಿಗ್ರ್' ಎಂದರೆ ಗೆಲುವು. 'ಫ್ರೀದ್ರ್' ಎಂದರೆ ಚೆಲುವೆ, ಪ್ರಿಯಳಾದವಳು. ಬಾಯಿಂದ ಬಾಯಿಗೆ ಸವೆದು ಸಿಗ್ರಿಡ್ ಎಂಬುದು ಸಿರಿಯಾಯಿತು. ಕೃಷ್ಣನು ಕಿಟ್ಟನಾದಂತೆ, ಲಕ್ಷ್ಮಿಯು ಲಕ್ಕಮ್ಮನಾದಂತೆ, ಮುದ್ದಿನ ಬಾಯಿಗೆ ಎಲ್ಲ ದೇಶಗಳಲ್ಲೂ ಒಂದೇ ವ್ಯಾಕರಣ.

ಹೀಗೆ ಎರಡು ಸಿರಿಗಳು. ಕಿವಿಗೆ ಒಂದೇ; ಹುಟ್ಟಿನಲ್ಲಿ ಸಂಬಂಧವೇ ಇಲ್ಲ. ಆದರೆ ಇಲ್ಲೊಂದು ಸ್ವಾರಸ್ಯವಿದೆ. ಸಿಗ್ರಿಡ್ ಎಂಬ ಹೆಸರನ್ನು ಬಿಡಿಸಿ ನೋಡಿದರೆ, ಅದರ 'ಸಿಗ್ರ್' ಸಂಸ್ಕೃತದಲ್ಲಿ ಬಲವೆಂಬ ಅರ್ಥದ 'ಸಹಸ್' ಎಂಬ ಪದದ ಬಂಧು. ನಮ್ಮ ಸಾಹಸ ಹುಟ್ಟಿದ್ದು ಆ ಸಹಸ್ಸಿನಿಂದ. ಅದರ 'ಫ್ರೀದ್ರ್' ನಮ್ಮ 'ಪ್ರೀತ', 'ಪ್ರಿಯ' ಎಂಬ ಪದಗಳ ಬಂಧು. ಅಂದರೆ, ಕಿವಿಗೆ ಒಂದೇ ಎಂದು ಕೇಳಿಸಿದ ಕಡೆ ನಂಟಿಲ್ಲ. ನಂಟಿರುವ ಕಡೆ ಅದು ಕಿವಿಗೆ ಕೇಳಿಸುವುದೇ ಇಲ್ಲ. ಹೆಸರುಗಳ ವಿಷಯದಲ್ಲಿ ನಾವು ಕಲಿಯಬೇಕಾದ ಮೊದಲ ಪಾಠ ಇದೇ ಎಂದು ತೋರುತ್ತದೆ. ಇಲ್ಲದಿದ್ದರೆ, ಹೆಬ್ಬಾಳದ ಎಂಟನೆಯ ಶತಮಾನದ ವೀರಗಲ್ಲಿನಲ್ಲಿರುವ ಕಿಟ್ಟಯ್ಯನಿಗೂ ನಿಘಂಟು ಬರೆದ ಕಿಟ್ಟೆಲರಿಗೂ ಬಾದರಾಯಣ ಸಂಬಂಧ ಕಟ್ಟಲು ನಮ್ಮಲ್ಲಿ ಪಂಡಿತರ ಕೊರತೆಯೇನೂ ಇಲ್ಲ.

ಹಳೆಯ ಜರ್ಮಾನಿಕ್ ಜನಾಂಗಗಳು ಹೆಸರು ಕಟ್ಟುತ್ತಿದ್ದ ಬಗೆಯನ್ನು ನೋಡೋಣ. ಜರ್ಮನರು, ಇಂಗ್ಲಿಷರು, ಡೇನರು, ಸ್ವೀಡರು, ನಾರ್ವೆಯವರು, ಈ ಎಲ್ಲರ ಪೂರ್ವಿಕರಲ್ಲೂ ಪದ್ಧತಿ ಒಂದೇ. ಸೈನ್ಯ, ಗೆಲುವು, ಕೀರ್ತಿ, ಶಾಂತಿ, ತೋಳ, ಕರಡಿ, ಈಟಿ, ಒಡೆತನ ಎಂಬಂಥ ಕೆಲವು ಪದಗಳ ಗಂಟು ಅವರಲ್ಲಿತ್ತು. ಅದರಿಂದ ಎರಡನ್ನು ತೆಗೆದು ಜೋಡಿಸಿದರೆ ಮಗುವಿಗೆ ಹೆಸರಾಯಿತು. ಶಾಂತಿಗೆ ಒಡೆತನ ಸೇರಿ ಫ್ರೆಡರಿಕ್. ಕೀರ್ತಿಗೆ ಪ್ರಕಾಶ ಸೇರಿ ರಾಬರ್ಟ್. ಕರಡಿಗೆ ಗಟ್ಟಿತನ ಸೇರಿ ಬರ್ನಾರ್ಡ್. ನಮ್ಮ ಅರಿಕೇಸರಿ, ನೃಪತುಂಗ ಮೊದಲಾದ ಹೆಸರುಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ವ್ಯತ್ಯಾಸವೊಂದಿದೆ. ನಮ್ಮ ಸಮಾಸಗಳು ಕೂಡಿ ಒಂದು ಅರ್ಥ ಕೊಡಬೇಕು. ಅವರಲ್ಲಿ ಅರ್ಥ ಕೂಡಲೇಬೇಕೆಂಬ ನಿಯಮವಿರಲಿಲ್ಲ. ವಂಶದ ಒಂದು ತುಂಡು ಮಗುವಿನ ಹೆಸರಿನಲ್ಲಿ ಉಳಿದರೆ ಸಾಕಿತ್ತು. ಇಂಗ್ಲೆಂಡಿನ ಒಂಬತ್ತನೆಯ ಶತಮಾನದ ದೊರೆ ಎಥೆಲ್‌ವುಲ್ಫನ ಮಕ್ಕಳು ಎಥೆಲ್‌ಬಾಲ್ಡ್, ಎಥೆಲ್‌ಬರ್ಟ್, ಎಥೆಲ್‌ರೆಡ್. ಎಥೆಲ್ ಎಂದರೆ ಕುಲೀನ. ಕದಂಬರಲ್ಲಿ ಕಂಗವರ್ಮ, ಕಾಕುತ್ಸ್ಥವರ್ಮ, ಶಾಂತಿವರ್ಮ ಎಂದು ಬಾಲ ಉಳಿದರೆ, ಅಲ್ಲಿ ತಲೆ ಉಳಿಯಿತು.

ಈ ಗಂಟಿನಿಂದ ಎರಡೇ ತುಂಡುಗಳನ್ನು ಎತ್ತಿಕೊಳ್ಳೋಣ: ಸೈನ್ಯವೆಂಬ ಅರ್ಥದ 'ಹರಿ', ಆಳುವಿಕೆ ಎಂಬ ಅರ್ಥದ 'ವಾಲ್ಡ್'. ಈ ಹರಿಗೂ ನಮ್ಮ ಶ್ರೀಹರಿಗೂ ಸಂಬಂಧವಿಲ್ಲವೆಂದು ಮತ್ತೆ ಹೇಳಬೇಕಾಗಿಲ್ಲ. ಹರಿ ಮೊದಲು, ವಾಲ್ಡ್ ಆಮೇಲೆ ಇಟ್ಟರೆ ಹರಾಲ್ಡ್, ಇಂಗ್ಲೆಂಡಿನಲ್ಲಿ ಹೆರಾಲ್ಡ್. ಅದೇ ಎರಡನ್ನು ತಿರುಗಿಸಿ ವಾಲ್ಡ್ ಮೊದಲು ಇಟ್ಟರೆ ವಾಲ್ಟರ್. ಫ್ರಾನ್ಸಿನಲ್ಲಿ ಗೋತಿಯೆ, ಇಟಲಿಯಲ್ಲಿ ಗ್ವಾಲ್ತಿಯೆರೊ. ಒಂದೇ ಎಳೆಯಿಂದ ನೇಯ್ದ ಸೀರೆಯನ್ನು ಒಳಹೊರಗು ಮಾಡಿ ಉಟ್ಟಂತೆ.

ಈ ಎರಡು ಹೆಸರುಗಳೂ ನಮಗೆ ದೂರದವಲ್ಲ. ಡೆನ್ಮಾರ್ಕಿನ ಹತ್ತನೆಯ ಶತಮಾನದ ದೊರೆ ಹರಾಲ್ಡನಿಗೆ 'ನೀಲಿಹಲ್ಲಿನವ' ಎಂಬ ಅಡ್ಡಹೆಸರಿತ್ತು. ಅದರ ಇಂಗ್ಲಿಷ್ ರೂಪವೇ ಬ್ಲೂಟೂತ್. ತಂತಿಯಿಲ್ಲದೆ ಯಂತ್ರಗಳನ್ನು ಕೂಡಿಸುವ ವಿದ್ಯೆಗೆ 1990ರ ದಶಕದ ಕೊನೆಯಲ್ಲಿ ಹೆಸರು ಬೇಕಾದಾಗ, ನಾಡನ್ನು ಕೂಡಿಸಿದ ಈ ದೊರೆಯ ಅಡ್ಡಹೆಸರನ್ನು ಆರಿಸಿಕೊಂಡರು. ಅದರ ಗುರುತಿನ ಚಿಹ್ನೆಯೆಂದರೆ ಹರಾಲ್ಡನ ಹೆಸರಿನ ಎರಡು ಮೊದಲಕ್ಷರಗಳು, ಹಳೆಯ ರೂನ್ ಲಿಪಿಯಲ್ಲಿ ಒಂದರ ಮೇಲೊಂದು ಬರೆದವು. ಬೆಳ್ಳಂದೂರಿನ ಹೊರವರ್ತುಲ ರಸ್ತೆಯಲ್ಲಿ ಬೆಳಗ್ಗೆ ಕಚೇರಿಗೆ ಹೋಗುವ ಸಾವಿರಾರು ಜನರ ಕಿವಿಯಲ್ಲಿ ಈ ದೊರೆ ಕುಳಿತಿರುತ್ತಾನೆ. ಕುಳಿತಿರುವುದು ಮಾತ್ರ ಯಾರಿಗೂ ತಿಳಿಯದು.

ಈ ಹರಾಲ್ಡ್ ಯೆಲ್ಲಿಂಗ್ ಎಂಬ ಊರಿನಲ್ಲಿ ತನ್ನ ತಂದೆ ಗೋರ್ಮ್ ಮತ್ತು ತಾಯಿ ಥೈರಾ ಇವರ ನೆನಪಿಗೆ ಒಂದು ದೊಡ್ಡ ಕಲ್ಲನ್ನು ನಿಲ್ಲಿಸಿ, ರೂನ್ ಲಿಪಿಯಲ್ಲಿ ಮೂವರ ಹೆಸರನ್ನೂ ಕೆತ್ತಿಸಿದ. ಅದನ್ನು ಓದಿದಾಗ ನನಗೆ ನಮ್ಮ ನೆರೆಯ ಅಗರದ ಕಲ್ಲು ನೆನಪಾಯಿತು. ಅಗರದ ಕೆರೆಯ ಕೋಡಿ ಹರಿದು ಬರುವುದು ನಮ್ಮ ಬೆಳ್ಳಂದೂರು ಕೆರೆಗೆ. ಸುಮಾರು 870ರ ಆ ಗಂಗರ ಕಾಲದ ಶಾಸನ, ಇರುಗಮಯ್ಯನ ಮಗ ಸಿರಿಮಯ್ಯನು ಎರಡು ಕೆರೆಗಳಿಗೆ ತೂಬು ಇರಿಸಿ, ಮೂಡಣ ಕೆರೆಯನ್ನು ಕಟ್ಟಿಸಿ ಬಿತ್ತುವಟ್ಟವನ್ನು ಪಡೆದನೆಂದು ಹೇಳುತ್ತದೆ. ಹೆಸರಿನ ಮೊದಲಿಗೇ ನಮ್ಮ ಸಿರಿ! ಹರಾಲ್ಡನ ಕಲ್ಲಿಗಿಂತ ಇದು ಹೆಚ್ಚುಕಡಿಮೆ ನೂರು ವರ್ಷ ಹಿರಿದು. ಅಲ್ಲಿ ದೊರೆ, ಇಲ್ಲಿ ಕೆರೆ ಕಟ್ಟಿಸಿದವನು. ಎರಡು ಕಡೆಯೂ ಕಲ್ಲಿಗೆ ಹೆಸರು ಒಪ್ಪಿಸುವಾಗ ಜೊತೆಗೆ ಹೆತ್ತವರ ಹೆಸರು ಬೇಕಾಯಿತು.

ಇನ್ನು ವಾಲ್ಟರ್. ಕಿತ್ತೂರಿನ ರಾಣಿ ಚೆನ್ನಮ್ಮನ ಸೈನ್ಯ 1824ರಲ್ಲಿ ಕಂಪನಿ ಸರ್ಕಾರದ ಪಡೆಯನ್ನು ಸೋಲಿಸಿದಾಗ ಸೆರೆಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ಒಬ್ಬನ ಹೆಸರು ವಾಲ್ಟರ್ ಎಲಿಯಟ್. 'ಸೈನ್ಯವನ್ನು ಆಳುವವನು' ಎಂಬ ಅರ್ಥದ ಹೆಸರು ಹೊತ್ತವನು ಇನ್ನೊಬ್ಬರ ಸೈನ್ಯದ ಕೈಸೆರೆಯಾದ! ಬಿಡುಗಡೆಯಾದ ಮೇಲೆ ಈತ ಸೀಮೆಯನ್ನೆಲ್ಲ ಸುತ್ತಿ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದ. ಕನ್ನಡದ ಶಾಸನ ಸಂಗ್ರಹಕ್ಕೆ ಅಡಿಪಾಯ ಹಾಕಿದವರಲ್ಲಿ ಎಲಿಯಟ್ ಒಬ್ಬ. ಅಗರದ ಶಾಸನವನ್ನು ಎಪಿಗ್ರಾಫಿಯ ಕರ್ನಾಟಿಕದಲ್ಲಿ ಅಚ್ಚು ಹಾಕಿಸಿದವರು ಬೆಂಗಳೂರಿನಲ್ಲೇ ಹುಟ್ಟಿದ ಲೂಯಿಸ್ ರೈಸ್. ಲೂಯಿಸ್ ಕೂಡ ಹಳೆಯ ಜರ್ಮಾನಿಕ್ ಹೆಸರೇ: ಕೀರ್ತಿ, ಯುದ್ಧ ಎಂಬ ಎರಡು ತುಂಡುಗಳು ಸೇರಿ ಲುಡ್ವಿಗ್; ಫ್ರಾನ್ಸಿನಲ್ಲಿ ಲೂಯಿ; ಇಂಗ್ಲೆಂಡಿನಲ್ಲಿ ಲೂಯಿಸ್. ಯುದ್ಧಕೀರ್ತಿಯ ಹೆಸರಿನ ಈ ಶಾಂತ ವಿದ್ವಾಂಸರು ಕಲ್ಲುಗಳನ್ನು ಓದುತ್ತ ಆಯುಷ್ಯ ಸವೆಸಿದರು. ಹೆಸರು ಹೇಳುವುದೊಂದು, ಬಾಳು ಹೇಳುವುದು ಮತ್ತೊಂದು.

ಇಷ್ಟೆಲ್ಲ ನಾನು ಓದಿಕೊಂಡಿದ್ದು ಪಾಂಡಿತ್ಯಕ್ಕಾಗಿಯಲ್ಲ. ಒಂದು ನಾಚಿಕೆಯ ಪ್ರಸಂಗದಿಂದ. ಕೆಲವು ವರ್ಷಗಳ ಹಿಂದೆ ನಮ್ಮ ಮಹಡಿಯ ಮನೆಯನ್ನು ಬಾಡಿಗೆಗೆ ಕೇಳಿಕೊಂಡು ಒಬ್ಬ ತರುಣ ಬಂದ. ಹೆಸರು ಕೇಳಿದೆ. ಹೆರಾಲ್ಡ್ ಎಂದ. ಅಷ್ಟೇ ಸಾಕಾಯಿತು, ಅವನ ಊರು, ಭಾಷೆ, ಊಟ, ನಡವಳಿಕೆ ಎಲ್ಲವನ್ನೂ ನಾನು ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟೆ. ಹರಕುಮುರುಕು ಇಂಗ್ಲಿಷಿನಲ್ಲಿ ಮನೆ ಖಾಲಿಯಿಲ್ಲವೆಂದು ಹೇಳತೊಡಗಿದೆ. ಆತ ನಕ್ಕು, "ಸಾರ್, ಕನ್ನಡದಲ್ಲೇ ಹೇಳಿ. ನಾನು ಮಂಗಳೂರಿನವನು. ಅದು ನನ್ನ ಅಜ್ಜನ ಹೆಸರು" ಎಂದ. ಅವನ ಕನ್ನಡ ನನ್ನ ಕನ್ನಡಕ್ಕಿಂತ ಅಚ್ಚುಕಟ್ಟಾಗಿತ್ತು. ಮನೆ ಖಾಲಿಯಿತ್ತು, ಖಾಲಿಯಿಲ್ಲವೆಂದು ಆಗಲೇ ಹೇಳಿಬಿಟ್ಟಿದ್ದೆ. ತಿದ್ದಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಆತ ನಮಸ್ಕಾರ ಹೇಳಿ ಮೆಟ್ಟಿಲಿಳಿದು ಹೋದ.

ಮಂಗಳೂರು ಎಂದೊಡನೆ ಇನ್ನೊಂದು ಹೆಸರನ್ನು ನೆನೆಯಬೇಕು. 1834ರಲ್ಲಿ ಬಾಸೆಲ್ ಮಿಷನ್ನಿನವರು ಅಲ್ಲಿಗೆ ಬಂದರು. ಎರಡು ವರ್ಷದ ಮೇಲೆ ಬಂದವರು ಹರ್ಮನ್ ಮೊಗ್ಲಿಂಗ್. 1843ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರತಂದವರು. ಹರ್ಮನ್ ಎಂಬುದರಲ್ಲೂ ಅದೇ 'ಹರಿ': ಸೈನ್ಯದ ಮನುಷ್ಯ. ಸೈನ್ಯದ ಮನುಷ್ಯ ತಂದದ್ದು ಅಚ್ಚಿನ ಮೊಳೆ. ಅವರ ಶಿಷ್ಯ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ 1844ರಲ್ಲಿ ಕ್ರೈಸ್ತಮತವನ್ನು ಸೇರಿದಾಗ, ಗುರುವಿನ ಹೆಸರನ್ನು ತನ್ನ ಹೆಸರಿನ ಮುಂದೆ ಇಟ್ಟುಕೊಂಡರು. ಹರ್ಮನ್ ಆನಂದರಾವ್ ಕೌಂಡಿನ್ಯ. ಹಳೆಯದನ್ನು ಅಳಿಸಲಿಲ್ಲ. ಗುರು ಕೊಟ್ಟದ್ದು, ಮನೆಯವರು ಇಟ್ಟದ್ದು, ಗೋತ್ರ ತಂದದ್ದು, ಮೂರೂ ಒಂದೇ ಸಾಲಿನಲ್ಲಿ ಕುಳಿತವು. ಮುಂದೆ ಅವರು ಬಾಸೆಲ್ಲಿನಲ್ಲಿ ಓದಿ ಪಾದ್ರಿಯಾಗಿ ಕರಾವಳಿಗೆ ಮರಳಿದರು. ಬಾಗಿಲಲ್ಲಿ ನಿಂತು ಹೆಸರು ಕೇಳುವ ನನ್ನಂಥವನಿಗೆ ಈ ಹೆಸರಿನಿಂದ ಏನು ತಿಳಿದೀತು? ಮೊದಲನೆಯದನ್ನು ಕೇಳಿ ಪರದೇಶಿ ಎನ್ನುವನು. ಕೊನೆಯದನ್ನು ಕೇಳಿ ಒಳಗೆ ಬನ್ನಿ ಎನ್ನುವನು. ಮನುಷ್ಯ ಮಾತ್ರ ಒಬ್ಬನೇ.

ಕಿಟ್ಟೆಲರ ಫರ್ಡಿನಾಂಡ್ ಎಂಬ ಹೆಸರಿನ ಕಥೆ ಇನ್ನೂ ಉದ್ದ. ಅದರ ಮೊದಲ ತುಂಡು ಪಯಣವೆಂದು ಕೆಲವರು, ಶಾಂತಿಯೆಂದು ಕೆಲವರು ಹೇಳುತ್ತಾರೆ, ಎರಡನೆಯದು ಕೆಚ್ಚು. ಗೋಥರೊಂದಿಗೆ ಸ್ಪೇನಿಗೆ ಹೋಗಿ ಅಲ್ಲಿ ಫೆರ್ನಾಂಡೊ, ಎರ್ನಾಂಡೊ ಆಗಿ, ಹದಿನಾರನೆಯ ಶತಮಾನದಲ್ಲಿ ರಾಜಮನೆತನದವರ ಮೂಲಕ ಜರ್ಮನ್ ನಾಡಿಗೆ ಹಿಂದಿರುಗಿತು. 1853ರಲ್ಲಿ ಕಿಟ್ಟೆಲರೊಂದಿಗೆ ಧಾರವಾಡದ ಸೀಮೆಗೆ ಬಂದು, 1894ರ ಕನ್ನಡ ನಿಘಂಟಿನೊಂದಿಗೆ ಸೇರಿಕೊಂಡಿತು. ಇಂದು ಅದು ಯಾವ ದೇಶದ ಹೆಸರು? ನಡೆದ ದಾರಿಯೆಲ್ಲ ಅದರದೇ.

ಕೊನೆಯದಾಗಿ ತಂದೆಯ ಹೆಸರಿನ ಮಾತು. ಪ್ರಾಚೀನ ಸ್ಕ್ಯಾಂಡಿನೇವಿಯದಲ್ಲಿ ಮನೆತನದ ಹೆಸರೆಂಬುದಿರಲಿಲ್ಲ. ಇಂಥವನ ಮಗ, ಇಂಥವನ ಮಗಳು ಎಂಬುದೇ ಗುರುತು. ಐಸ್‌ಲ್ಯಾಂಡಿನಲ್ಲಿ ಇಂದಿಗೂ ಅದೇ ನಡೆದಿದೆ. ಅಲ್ಲಿನ ಟೆಲಿಫೋನ್ ಪುಸ್ತಕವನ್ನು ಅಕಾರಾದಿಯಾಗಿ ಜೋಡಿಸುತ್ತಿದ್ದುದು ಸ್ವಂತ ಹೆಸರಿನ ಮೇಲೆ. ಹದಿಮೂರನೆಯ ಶತಮಾನದಲ್ಲಿ ಆ ದ್ವೀಪದ ಕವಿ ಸ್ನೋರಿ ತನ್ನ ನುಡಿಯ ಕವಿಗಳಿಗೆ ಕಾವ್ಯಮಾರ್ಗವನ್ನು ತಿಳಿಸುವ 'ಎಡ್ಡ' ಬರೆದ. ಅವನು ಸ್ನೋರಿ ಸ್ಟುರ್ಲುಸನ್, ಸ್ಟುರ್ಲನ ಮಗ. ಅದೇ ಶತಮಾನದಲ್ಲಿ ಇಲ್ಲಿ 'ಶಬ್ದಮಣಿದರ್ಪಣ' ಬರೆದ ಕೇಶಿರಾಜ ಮಲ್ಲಿಕಾರ್ಜುನನ ಮಗ. ಪರಸ್ಪರ ಹೆಸರು ಕೇಳದ ಆ ಇಬ್ಬರಿಗೂ ಗುರುತು ಹೇಳಿಕೊಳ್ಳುವ ರೀತಿ ಒಂದೇ. ನಾರ್ವೆಯಲ್ಲಿ 1923ರ ಕಾನೂನು ಎಲ್ಲರಿಗೂ ಸ್ಥಿರವಾದ ಮನೆತನದ ಹೆಸರು ಇರಬೇಕೆಂದು ವಿಧಿಸಿತು. ಹೀಗಾಗಿ 'ಹಾನ್ಸನ ಮಗ' ಎಂಬ ಅರ್ಥದ ಹಾನ್ಸೆನ್ ಎಂಬ ಹೆಸರನ್ನು, ಹಾನ್ಸನೆಂಬ ತಂದೆಯೇ ಇಲ್ಲದ ಹೆಂಗಸರೂ ಹೊತ್ತಿದ್ದಾರೆ.

ನಮ್ಮ ಬೆಳ್ಳಂದೂರಿನಲ್ಲಿ ಇದೇ ಕಾರ್ಯ ಕಾನೂನಿಲ್ಲದೆ, ಅರ್ಜಿಯ ನಮೂನೆಗಳ ಮೂಲಕ ನಡೆಯುತ್ತಿದೆ. ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ತನ್ನ ಹೆಸರು, ಇದು ನಮ್ಮ ಕಡೆಯ ವಾಡಿಕೆ. ಅರ್ಜಿಯಾದರೋ 'ಕೊನೆಯ ಹೆಸರು' ಕೇಳುತ್ತದೆ. ಪಕ್ಕದ ಮನೆಯ ಸಿರಿಯ ತಂದೆ ಆ ಕಂಡಿಯಲ್ಲಿ ತನ್ನ ತಂದೆಯ ಹೆಸರನ್ನು ತುಂಬಿದರು. ಈಗ ಕಚೇರಿಯಲ್ಲಿ ಎಲ್ಲರೂ ಅವರನ್ನು ಆ ಹೆಸರಿನಿಂದಲೇ ಕರೆಯುತ್ತಾರಂತೆ. "ಯಾರೋ ನಮ್ಮಪ್ಪನ್ನ ಹೆಸರು ಹಿಡಿದು ಕೂಗಿದ ಹಾಗಾಗುತ್ತೆ, ಮೇಷ್ಟ್ರೇ. ಅವರು ತೀರಿಕೊಂಡು ಆರು ವರ್ಷವಾಯ್ತು, ಆದರೂ ಪ್ರತಿಸಲ ತಿರುಗಿ ನೋಡ್ತೀನಿ" ಎಂದು ಅವರು ಒಮ್ಮೆ ಹೇಳಿದರು. ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಹೆಸರೆಂಬುದು ಒಬ್ಬರು ಇನ್ನೊಬ್ಬರಿಗೆ ಕೊಟ್ಟ ವಸ್ತು. ಅರ್ಥ ಸವೆದುಹೋಗುತ್ತದೆ, ಉಚ್ಚಾರ ಬದಲಾಗುತ್ತದೆ, ದೇಶ ದಾಟುತ್ತದೆ. ಉಳಿಯುವುದು ಕೊಟ್ಟವರ ನೆನಪು: ಅಜ್ಜ, ಗುರು, ತಂದೆ. ಅದು ಹೆಸರಿನ ಸದ್ದಿನಲ್ಲಿ ಕೇಳಿಸುವುದಿಲ್ಲ, ಕೇಳಿ ತಿಳಿಯಬೇಕು. ದೇಶದೇಶದ ಜನ ಬಂದು ನೆಲೆಸಿರುವ ನಮ್ಮಂಥ ಊರಿನಲ್ಲಿ ಹೆಸರು ಕೇಳುವುದು ಪರಿಚಯದ ಮೊದಲಾಗಬೇಕೇ ಹೊರತು ತೀರ್ಪಿನ ಕೊನೆಯಾಗಬಾರದು. ಇದನ್ನು ಕಲಿಯುವಷ್ಟರಲ್ಲಿ ಒಬ್ಬ ಒಳ್ಳೆಯ ನೆರೆಯವನನ್ನು ನಾನು ಕಳೆದುಕೊಂಡಿದ್ದೆ.

ಸಿರಿಗೆ ಕೊಟ್ಟ ಉತ್ತರವನ್ನು ಹೇಳಿ ಮುಗಿಸುತ್ತೇನೆ. "ಅವರು ನಿನ್ನ ಹೆಸರನ್ನು ತಗೊಳ್ಳಲಿಲ್ಲ ಮಗು. ಬಹಳ ದೂರದಲ್ಲಿ ಸಿಗ್ರಿಡ್ ಅನ್ನೋ ಹುಡುಗಿಯರಿದ್ದರು, ಅವರ ಅಮ್ಮಂದಿರು ಮುದ್ದಿನಿಂದ ಸಿರಿ ಅಂತ ಕರೀತಿದ್ದರು" ಎಂದೆ. ಅವಳು ಸ್ವಲ್ಪ ಯೋಚಿಸಿ, "ಹಾಗಾದರೆ ಪರವಾಗಿಲ್ಲ" ಎಂದಳು. ಆಮೇಲೆ ಕೇಳಿದಳು: "ತಾತ, ನಿಮಗೆ ಹೆಸರಿಟ್ಟವರು ಯಾರು?"