ಕಾರ್ನ್‌ವಾಲ್‌ನಲ್ಲಿ ವರ್ಷವಿಡೀ

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಕೌಂಟಿಯಲ್ಲಿ ಮನೆ ಕೊಳ್ಳಹೊರಟವರು ಗೋಡೆ, ಚಾವಣಿ, ಕೊಳಾಯಿ ನೋಡಿದರೆ ಸಾಲದು. ನೆಲದಡಿ ಏನಿದೆ ಎಂದೂ ವಿಚಾರಿಸಬೇಕು. ಕ್ಯಾಂಬೋರ್ನ್, ರೆಡ್ರೂತ್ ಪಟ್ಟಣಗಳ ಸುತ್ತಮುತ್ತ ಹಳೆಯ ಗಣಿಗಳ ಬಗ್ಗೆ ವರದಿ ತರಿಸದೆ ಮನೆಸಾಲದ ಮಾತು ಮುಂದೆ ಹೋಗುವುದೇ ಕಷ್ಟ. ತಿಳಿದವರು ಹಳೆಯ ನಕ್ಷೆಗಳನ್ನು ಹರಡಿಕೊಂಡು, ಈ ಹಿತ್ತಿಲಲ್ಲಿ ಯಾವ ಕಾಲದಲ್ಲಾದರೂ ತವರಕ್ಕೋ ತಾಮ್ರಕ್ಕೋ ಸುರಂಗ ಇಳಿಸಿದ್ದರೇ ಎಂದು ಹುಡುಕುತ್ತಾರೆ. ಮುಚ್ಚಿಹೋಗಿದ್ದ ಗಣಿಯ ಬಾಯಿ ಜಡಿಮಳೆಗೆ ಕುಸಿದು ಇದ್ದಕ್ಕಿದ್ದಂತೆ ತೆರೆದುಕೊಳ್ಳುವುದುಂಟು. ಅದರ ಜೊತೆಗೆ ರೇಡಾನ್ ಭಯ. ಗ್ರಾನೈಟ್ ಕಲ್ಲಿನಿಂದ ಮೇಲೇಳುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ವರ್ಷಗಟ್ಟಲೆ ಸೇರಿಕೊಂಡರೆ ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ಹಾಗಾಗಿ ಎಷ್ಟೋ ಮನೆಗಳಲ್ಲಿ ನೆಲದ ಕೆಳಗೊಂದು ಗುಂಡಿ, ಅಲ್ಲಿಂದ ಹೊರಗೆ ಒಂದು ಕೊಳವೆ, ಅದಕ್ಕೆ ಹಗಲಿರುಳೂ ತಿರುಗುವ ಒಂದು ಪುಟ್ಟ ಫ್ಯಾನು.

ಆಗಸ್ಟಿನಲ್ಲಿ ಹದಿನೈದು ದಿನಕ್ಕೆಂದು ಬಂದವರಿಗೆ ಇದು ಯಾವುದೂ ಕಾಣುವುದಿಲ್ಲ. ಅವರಿಗೆ ಕಾಣುವುದು ನೀಲಿ ಕಡಲು, ಬಂಗಾರದ ಮರಳು, ಬಂದರಿನ ಬಿಳಿ ಮನೆಗಳು. ಅದೂ ಸುಳ್ಳಲ್ಲ, ಕಾರ್ನ್‌ವಾಲ್ ನಿಜಕ್ಕೂ ಅಷ್ಟು ಚೆಲುವಾದ ಊರು. ಆದರೆ ಅಲ್ಲಿ ವರ್ಷದ ಹನ್ನೆರಡು ತಿಂಗಳೂ ಒಲೆ ಹಚ್ಚುವ ಐದು ಲಕ್ಷ ಎಪ್ಪತ್ತು ಸಾವಿರ ಜನರ ಬದುಕು ಆ ಚೆಲುವಿನ ಹಿಂಬದಿಯಲ್ಲಿದೆ.

ಮೂರು ಕಡೆ ಸಮುದ್ರ. ನಾಲ್ಕನೆಯ ಕಡೆ, ಹೆಚ್ಚುಕಡಿಮೆ ಗಡಿಯುದ್ದಕ್ಕೂ ಟೇಮರ್ ನದಿ. ಆ ನದಿಗೆ ಎಂಜಿನಿಯರ್ ಇಸಾಂಬಾರ್ಡ್ ಬ್ರೂನೆಲ್ ಕಟ್ಟಿದ ರೈಲು ಸೇತುವೆ 1859ರಲ್ಲಿ ತೆರೆಯಿತು. ಇಂದಿಗೂ ರೈಲು ಅದರ ಮೇಲೆಯೇ ಓಡುತ್ತದೆ. ಕೊನೆಯ ನಿಲ್ದಾಣವಾದ ಪೆನ್ಜಾನ್ಸ್‌ನಿಂದ ಲಂಡನ್ನಿಗೆ ಐದು ಗಂಟೆಯ ಮೇಲೆ ಹಿಡಿಯುತ್ತದೆ. ಇಡೀ ಕೌಂಟಿಯನ್ನು ದೇಶದ ಉಳಿದ ಭಾಗಕ್ಕೆ ಜೋಡಿಸುವ ಮುಖ್ಯ ಹಳಿ ಇದೊಂದೇ. 2014ರ ಫೆಬ್ರವರಿಯ ಚಂಡಮಾರುತದಲ್ಲಿ ಪಕ್ಕದ ಡೆವನ್ ಕೌಂಟಿಯ ಡಾಲಿಷ್‌ನಲ್ಲಿ ಕಡಲಗೋಡೆ ಒಡೆದು ಹಳಿ ಗಾಳಿಯಲ್ಲಿ ನೇತಾಡಿತು. ರಿಪೇರಿಗೆ ಎರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ಕಾರ್ನ್‌ವಾಲ್‌ಗೆ ಲಂಡನ್ನಿನಿಂದ ನೇರ ರೈಲಿಲ್ಲ.

ಊರೊಳಗಿನ ರಸ್ತೆಗಳದ್ದು ಬೇರೆಯೇ ಕತೆ. ಎರಡೂ ಬದಿಗೆ ಕಲ್ಲು ಜೋಡಿಸಿ, ನಡುವೆ ಮಣ್ಣು ತುಂಬಿ ಬಿಗಿಮಾಡಿದ ಎತ್ತರದ ಬದುಗಳು. ಅವುಗಳ ಮೈಮೇಲೆ ಹುಲ್ಲು, ಜರೀಗಿಡ, ಮುಳ್ಳುಪೊದೆ, ವಸಂತದಲ್ಲಿ ಹಳದಿ ಪ್ರಿಮ್ರೋಸ್ ಹೂ. ಅಂಥ ಎರಡು ಬದುಗಳ ನಡುವೆ ಒಂದೇ ಕಾರು ಹಿಡಿಸುವಷ್ಟು ದಾರಿ. ಎದುರಿಗೆ ಟ್ರ್ಯಾಕ್ಟರ್ ಬಂತೆಂದರೆ ಯಾರಾದರೊಬ್ಬರು ಹಿಮ್ಮುಖವಾಗಿ, ಕಲ್ಲಿಗೆ ಕನ್ನಡಿ ಸವರದಂತೆ, ಅಗಲವಾದ ಜಾಗ ಸಿಗುವವರೆಗೂ ಹೋಗಬೇಕು. ಊರಿನವರು ಇದನ್ನು ಸರಾಗವಾಗಿ ಮಾಡಿ, ಸ್ಟಿಯರಿಂಗ್ ಮೇಲಿನಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳಿ ಮುಂದೆ ಸಾಗುತ್ತಾರೆ. ಪಶ್ಚಿಮದ ಪೆನ್‌ವಿತ್ ಪ್ರದೇಶದಲ್ಲಿ ಕೆಲವು ಬದುಗಳು ಎರಡು ಸಾವಿರ ವರ್ಷಕ್ಕೂ ಹಿಂದಿನವು. ಅವನ್ನು ಯಾವ ವಸ್ತುಸಂಗ್ರಹಾಲಯದಲ್ಲೂ ಇಟ್ಟಿಲ್ಲ. ಇವತ್ತಿಗೂ ದನ ಹೊಲಕ್ಕೆ ನುಗ್ಗದಂತೆ ತಡೆಯುವ ಕೆಲಸ ಮಾಡುತ್ತಿವೆ.

ಚಳಿಗಾಲದಲ್ಲಿ ಹಿಮ ಅಪರೂಪ. ಹದವಾದ ಕಡಲ ಗಾಳಿಯಿಂದಾಗಿ ಜನವರಿಯಲ್ಲೇ ಡ್ಯಾಫೊಡಿಲ್ ಹೂವಿನ ಕೊಯ್ಲು ಶುರುವಾಗುತ್ತದೆ. ಮೊಗ್ಗು ಬಿರಿಯುವ ಮುನ್ನವೇ, ತುಂತುರಿನಲ್ಲಿ ಬಗ್ಗಿ ನಿಂತು, ಒಂದೊಂದನ್ನೂ ಕೈಯಿಂದಲೇ ಕೀಳಬೇಕು. ಬ್ರಿಟನ್ನಿನ ಅಂಗಡಿಗಳಿಗೆ ಬರುವ ವಸಂತದ ಹೂವಿನ ಹಿಂದೆ ಇರುವುದು, ಬಹುಪಾಲು ಹೊರದೇಶಗಳಿಂದ ಬಂದ ಕೂಲಿಕಾರರ ಈ ಬೆನ್ನುನೋವು.

ಇನ್ನು ಗಣಿಗಳು. ಸೇಂಟ್ ಜಸ್ಟ್ ಬಳಿ ಕಡಲಂಚಿನ ಬಂಡೆಗೆ ಅಂಟಿದಂತೆ ನಿಂತ, ಗಣಿಯ ಉಗಿಯಂತ್ರಗಳಿದ್ದ ಎಂಜಿನ್ ಮನೆಗಳ ಕಲ್ಲುಗೋಡೆ, ಉದ್ದನೆಯ ಚಿಮಣಿ ಈಗ ಎಲ್ಲರ ಫೋಟೋದಲ್ಲೂ ಇರುತ್ತವೆ. 2006ರಲ್ಲಿ ಯುನೆಸ್ಕೊ ಈ ಗಣಿ ಸೀಮೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಲೆವಂಟ್ ಗಣಿ ಸಮುದ್ರದ ತಳದಡಿಗೆ ಸುಮಾರು ಒಂದು ಮೈಲಿ ಹೋಗಿತ್ತು. ಕೆಲಸಗಾರರು ಇಳಿದು ಹತ್ತುತ್ತಿದ್ದುದು, ಮೇಲೆ ಕೆಳಗೆ ಆಡುವ ಮರದ ತೊಲೆಗೆ ಹೊಡೆದ ಹಲಗೆಗಳ ಮೇಲೆ ಕಾಲಿಟ್ಟು. 1919ರ ಅಕ್ಟೋಬರಿನಲ್ಲಿ ಪಾಳಿ ಮುಗಿಸಿ ಹತ್ತುತ್ತಿದ್ದಾಗ ಆ ತೊಲೆಯ ಕೊಂಡಿ ಮುರಿದು 31 ಜನ ಸತ್ತರು. ಹೊಸ ಕೊಂಡಿ ಹಾಕಿ ಆ ಯಂತ್ರವನ್ನು ಮತ್ತೆ ನಡೆಸುವ ಮನಸ್ಸು ಯಾರಿಗೂ ಬರಲಿಲ್ಲ.

ಅದಕ್ಕೂ ಬಹಳ ಮೊದಲೇ, 1860ರ ದಶಕದಲ್ಲಿ, ತಾಮ್ರದ ಬೆಲೆ ಕುಸಿದು ಗಣಿಗಳು ಸಾಲುಸಾಲಾಗಿ ಮುಚ್ಚಿದ್ದವು. ಗಂಡಸರು ಊರು ಬಿಟ್ಟರು. ಆಸ್ಟ್ರೇಲಿಯ, ಅಮೆರಿಕ, ಮೆಕ್ಸಿಕೊ, ದಕ್ಷಿಣ ಆಫ್ರಿಕ, ಎಲ್ಲಿ ನೆಲ ಅಗೆಯುತ್ತಿದ್ದರೋ ಅಲ್ಲೆಲ್ಲ ಕಾರ್ನ್‌ವಾಲ್‌ನವರು ಕಾಣಿಸಿಕೊಂಡರು. ಅವರಲ್ಲಿ ಕೆಲವರು ಬಂದದ್ದು ಕೋಲಾರಕ್ಕೆ. 1880ರ ಸುಮಾರಿಗೆ ನಮ್ಮ ಚಿನ್ನದ ಗಣಿಗಳ ಆಡಳಿತಕ್ಕೆ ಕೈಹಾಕಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಹಳೆಯ ಅನುಭವದಲ್ಲಿ ಬಹಳಷ್ಟು ಕಾರ್ನ್‌ವಾಲ್, ಡೆವನ್ ಗಣಿಗಳದ್ದು. ಕೆಜಿಎಫ್‌ನಲ್ಲಿ ಮೇಲ್ವಿಚಾರಣೆಗೆ ನಿಂತವರಲ್ಲಿ ಅಲ್ಲಿನ ಗಣಿಗಾರರು ಬಹಳ ಮಂದಿ ಇದ್ದರು. ಬಂಡೆ ಒಡೆದು, ಧೂಳು ಕುಡಿದು ದುಡಿದವರು ಮಾತ್ರ ತಮಿಳು, ತೆಲುಗು, ಕನ್ನಡ ನಾಡಿನ ಬಡವರು. ಆ ಮಾತನ್ನು ಬಿಟ್ಟು ಈ ಕತೆ ಹೇಳಬಾರದು. ಅತ್ತ ಕಾರ್ನ್‌ವಾಲ್‌ನ ಹೆಂಗಸರು ಕಡಲಾಚೆಯಿಂದ ಬರುವ ಹಣದ ದಾರಿ ನೋಡುತ್ತ, ಗಂಡ ಇದ್ದೂ ಇಲ್ಲದ ಮನೆಯಲ್ಲಿ ಮಕ್ಕಳನ್ನು ಬೆಳೆಸಿದರು.

ಎರಡೂ ಕಡೆ ಗಣಿ ನಿಂತದ್ದು ಮೂರೇ ವರ್ಷದ ಅಂತರದಲ್ಲಿ. ಕಾರ್ನ್‌ವಾಲ್‌ನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ 1998ರ ಮಾರ್ಚಿನಲ್ಲಿ, ಕೆಜಿಎಫ್ 2001ರ ಫೆಬ್ರವರಿಯಲ್ಲಿ. ಇಲ್ಲಿಯವರು ಮಾರಿಕುಪ್ಪಂನಿಂದ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರುತ್ತಾರೆ, ರಾತ್ರಿ ಮನೆ ಸೇರುತ್ತಾರೆ. ಅಲ್ಲಿಯ ಹುಡುಗರಿಗೆ ದಿನವೂ ಹೋಗಿ ಬರುವಷ್ಟು ಹತ್ತಿರದಲ್ಲಿ ಬೆಂಗಳೂರಿನಂಥ ಊರಿಲ್ಲ. ಸೌತ್ ಕ್ರಾಫ್ಟಿಯನ್ನು ಮತ್ತೆ ತೆರೆಯಬೇಕೆಂದು 2023ರಲ್ಲಿ ಅದರಲ್ಲಿ ನಿಂತ ನೀರನ್ನು ಹೊರಗೆತ್ತುವ ಕೆಲಸ ಆರಂಭವಾಯಿತು. ಬ್ಯಾಟರಿಗೆ ಬೇಕಾದ ಲಿಥಿಯಂ ಹುಡುಕಾಟವೂ ನಡೆದಿದೆ. ಕ್ಯಾಂಬೋರ್ನ್‌ನ ಹಿರಿಯರು ಈ ಸುದ್ದಿಗೆ ಕಿವಿಗೊಟ್ಟರೆ ಆಶ್ಚರ್ಯವೇನಿಲ್ಲ.

ಗಣಿ ಹೋಯಿತು, ಗಣಿಯ ಬುತ್ತಿ ಉಳಿಯಿತು. ಪೇಸ್ಟಿ ಎಂದರೆ ನಮ್ಮ ಕರಿಗಡುಬಿನ ಆಕಾರದ್ದು, ಅಂಗೈಗಿಂತ ದೊಡ್ಡದು. ಒಳಗೆ ಹಸಿಯಾಗಿಯೇ ತುಂಬಿದ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಟರ್ನಿಪ್ ಜಾತಿಯ ಒಂದು ಗೆಡ್ಡೆ. ಅಂಚನ್ನು ಹಗ್ಗದಂತೆ ಹೊಸೆದು ಮುಚ್ಚಿ ನಿಧಾನವಾಗಿ ಬೇಯಿಸುತ್ತಾರೆ. ಯಾರ ಬುತ್ತಿ ಯಾರದೆಂದು ತಿಳಿಯಲು ಮೂಲೆಯಲ್ಲಿ ಹೆಸರಿನ ಅಕ್ಷರ ಗೀಚುವ ಪದ್ಧತಿಯಿತ್ತು. 2011ರಿಂದ, ಕಾರ್ನ್‌ವಾಲ್‌ನಲ್ಲಿ ತಯಾರಾಗದ ಪೇಸ್ಟಿಗೆ ಆ ಊರಿನ ಹೆಸರು ಹಚ್ಚಿ ಮಾರುವಂತಿಲ್ಲ.

ಕಡಲ ಮಾತಿಗೆ ಬಂದರೆ, ಮೌಝಲ್ ಎಂಬ ಪುಟ್ಟ ಬಂದರಿನಲ್ಲಿ ಜನ ಇನ್ನೂ ತಗ್ಗಿದ ದನಿಯಲ್ಲಿ ಹೇಳುವ ಒಂದು ರಾತ್ರಿಯಿದೆ. 1981ರ ಡಿಸೆಂಬರ್ 19. ಯೂನಿಯನ್ ಸ್ಟಾರ್ ಎಂಬ ಹೊಚ್ಚಹೊಸ ಸರಕು ಹಡಗಿನ ಎಂಜಿನ್ ಕೆಟ್ಟು, ಬಿರುಗಾಳಿ ಅದನ್ನು ಬಂಡೆಗಳ ಕಡೆಗೆ ತಳ್ಳುತ್ತಿತ್ತು. ಹಡಗಿನಲ್ಲಿ ಎಂಟು ಜನ. ಅವರಲ್ಲಿ ಕ್ಯಾಪ್ಟನ್ನನ ಹೆಂಡತಿ, ಆಕೆಯ ಇಬ್ಬರು ಹೆಣ್ಣುಮಕ್ಕಳು. ಮೇಲೆ ಬಂದ ಹೆಲಿಕಾಪ್ಟರಿಗೆ ಅವರನ್ನು ಎತ್ತಿಕೊಳ್ಳಲಾಗಲಿಲ್ಲ. ಮೌಝಲ್‌ನ ಎಂಟು ಮಂದಿ ಸಾಲೊಮನ್ ಬ್ರೌನ್ ಎಂಬ ಮರದ ರಕ್ಷಣಾ ದೋಣಿ ಏರಿದರು. ಇವರು ಸಂಬಳದವರಲ್ಲ, ಮೀನುಗಾರರು, ಹೋಟೆಲು ನಡೆಸುವವರು, ಊರಿನ ಸಾಮಾನ್ಯರು. ನಾನೂ ಬರುತ್ತೇನೆಂದು ನಿಂತ ಒಬ್ಬ ಹುಡುಗನನ್ನು ನಾಯಕ ಟ್ರೆವೆಲಿಯನ್ ರಿಚರ್ಡ್ಸ್ ದೋಣಿ ಹತ್ತಗೊಡಲಿಲ್ಲ. ಹುಡುಗನ ಅಪ್ಪ ಆಗಲೇ ದೋಣಿಯಲ್ಲಿದ್ದ. ಅಂಥ ರಾತ್ರಿ ಒಂದೇ ಮನೆಯ ಇಬ್ಬರನ್ನು ಕರೆದೊಯ್ಯಲು ಆತ ಒಪ್ಪಲಿಲ್ಲ. ನಾಲ್ವರನ್ನು ದೋಣಿಗೆ ಎಳೆದುಕೊಂಡೆವೆಂದು ರೇಡಿಯೊದಲ್ಲಿ ಸುದ್ದಿ ಬಂತು. ಅಷ್ಟು ಸಾಲದೆಂದು ಉಳಿದವರಿಗಾಗಿ ಮತ್ತೆ ಹಡಗಿನ ಬಳಿ ಹೋದರು. ಹದಿನಾರು ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ.

ಮರುದಿನವೇ ಹೊಸ ತಂಡಕ್ಕೆ ಹೆಸರು ಕೊಡಲು ಊರಿನವರು ಮುಂದೆ ಬಂದರು. ಮುಂದೆ ಆ ಹುಡುಗನೇ ರಕ್ಷಣಾ ದೋಣಿಯ ನಾಯಕನಾದ. ಮೌಝಲ್ ಬಂದರಿನ ಕ್ರಿಸ್‌ಮಸ್ ದೀಪಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಡಿಸೆಂಬರ್ 19ರ ಸಂಜೆ ಒಂದು ಗಂಟೆ ಕಾಲ ಆ ದೀಪಗಳನ್ನು ಆರಿಸುತ್ತಾರೆ.

ಈಗ ಯೋಚಿಸಬೇಕಾದದ್ದು ಇದು. ಕರೆ ಬಂದ ಕೆಲವೇ ನಿಮಿಷಗಳಲ್ಲಿ ದೋಣಿ ಹೊರಡಬೇಕಾದರೆ ಅದನ್ನು ನಡೆಸುವವರು ಬಂದರಿನ ಹತ್ತಿರವೇ ಇರಬೇಕು. ಬಂದರಿನ ಹತ್ತಿರದ ಮನೆಗಳ ಬೆಲೆಯೋ ಮೀನುಗಾರನ ಮಗನ ಕೈಗೆಟಕುವುದಿಲ್ಲ. ಎಷ್ಟನ್ನೋ ಲಂಡನ್ನಿನ ಹಣವಂತರು ರಜೆಯ ಮನೆಯೆಂದು ಕೊಂಡರು, ಇನ್ನೆಷ್ಟೋ ಪ್ರವಾಸಿಗಳಿಗೆ ವಾರದ ಬಾಡಿಗೆಗೆ ಹೋದವು. ಜನವರಿಯ ಸಂಜೆ ಕೆಲವು ಬೀದಿಗಳಲ್ಲಿ ದೀಪ ಉರಿಯುವ ಮನೆ ಹುಡುಕಬೇಕು. ಶಾಲೆಗೆ ಮಕ್ಕಳು ಸಾಲುವುದಿಲ್ಲ, ಚಳಿಗಾಲದಲ್ಲಿ ಅಂಗಡಿಗೆ ಗಿರಾಕಿಯಿಲ್ಲ. ಬೇಸಿಗೆಯಲ್ಲಿ ಹೋಟೆಲಿನ ತಟ್ಟೆ ತೊಳೆಯುವವರಿಗೆ, ಆಸ್ಪತ್ರೆಯ ದಾದಿಗೆ ಇರಲು ಕೋಣೆ ಸಿಗುವುದಿಲ್ಲ. ಇದು ಮಾರುಕಟ್ಟೆಯ ಸಹಜ ಲೀಲೆ ಎಂದು ಕೈಕಟ್ಟಿ ಕೂರುವುದು ಅನ್ಯಾಯ.

ಸೇಂಟ್ ಐವ್ಸ್ ಪಟ್ಟಣದವರು ಕೈಕಟ್ಟಿ ಕೂರಲಿಲ್ಲ. 2016ರಲ್ಲಿ ಮತ ಹಾಕಿ, ಇನ್ನು ಮುಂದೆ ಕಟ್ಟುವ ಮನೆಗಳಲ್ಲಿ ವರ್ಷವಿಡೀ ವಾಸವಿರುವವರೇ ಇರಬೇಕೆಂದು ನಿಯಮ ತಂದರು. ಈಗಾಗಲೇ ಕಟ್ಟಿದ್ದ ಮನೆಗಳಿಗೆ ಅದು ತಾಗುವುದಿಲ್ಲ, ಹಾಗಾಗಿ ಕೊಳ್ಳುವವರ ಕಣ್ಣು ಅವುಗಳ ಮೇಲೆಯೇ ಉಳಿಯಿತು. 2025ರ ಏಪ್ರಿಲ್‌ನಿಂದ ಕಾರ್ನ್‌ವಾಲ್ ಕೌನ್ಸಿಲ್ ಎರಡನೆಯ ಮನೆಗಳ ತೆರಿಗೆಯನ್ನು ದುಪ್ಪಟ್ಟು ಮಾಡಿದೆ. ಇದಕ್ಕಿಂತ ಭರವಸೆ ಮೂಡಿಸುವುದು ಉತ್ತರ ಕರಾವಳಿಯ ಸೇಂಟ್ ಮಿನ್ವರ್‌ನವರ ಕೆಲಸ. ಅವರ ಪಕ್ಕದ ರಾಕ್ ಎಂಬ ಹಳ್ಳಿ, ಕಡಲತೀರದ ಮನೆಗಳ ಬೆಲೆಗೆ ದೇಶಕ್ಕೆಲ್ಲ ಹೆಸರುವಾಸಿ. ಸೇಂಟ್ ಮಿನ್ವರ್‌ನ ಜನ ಸೇರಿ ಒಂದು ಭೂ ಟ್ರಸ್ಟ್ ಕಟ್ಟಿದರು, ಕಡಿಮೆ ದರಕ್ಕೆ ಜಮೀನು ಪಡೆದರು, ಮೊದಲ ಹಂತದಲ್ಲಿ ಹನ್ನೆರಡು ಕುಟುಂಬಗಳು ತಾವೇ ಕೈಕೆಸರು ಮಾಡಿಕೊಂಡು ಹನ್ನೆರಡು ಮನೆ ಎಬ್ಬಿಸಿದವು. ಆ ಮನೆಗಳನ್ನು ಮುಂದೆ ಮಾರಬೇಕಾದರೂ ಮಾರುಕಟ್ಟೆಗಿಂತ ಬಹಳ ಕಡಿಮೆ ಬೆಲೆಗೆ, ಆ ಊರಿನ ನಂಟಿರುವವರಿಗೇ ಮಾರಬೇಕೆಂಬ ಕರಾರಿದೆ.