ಬಸ್ಸು ನಿಗಮದ್ದು, ರಸ್ತೆ ಯಾರದ್ದು?

2007ರಲ್ಲಿ ರಾಮನಗರ ಜಿಲ್ಲೆ ಅಂತ ಹುಟ್ಟಿದ್ದು 2025ರಲ್ಲಿ ಬೆಂಗಳೂರು ದಕ್ಷಿಣ ಆಯ್ತು. ಹೆಸರು ಬಂತು, ಸರಿ. ಆದರೆ ಬೆಂಗಳೂರಿನ ಟ್ರಾಫಿಕ್ ಜಾಮೂ ಹೊಗೆಯೂ ಹಿಂದೆಯೇ ಬರಬೇಕಾ? ಇವತ್ತಿನ ಪ್ರಶ್ನೆ ಇದು.

ಸ್ಥಳೀಯ ಸಂಸ್ಥೆಗಳ ಬಳಿ ಒಂದು ಸಿದ್ಧ ಉತ್ತರ ಇರುತ್ತೆ. ಬಸ್ಸು ಕೆಎಸ್‌ಆರ್‌ಟಿಸಿದು, ಟ್ರಾಫಿಕ್ಕು ಪೊಲೀಸರದು, ನಾವೇನು ಮಾಡೋಕಾಗುತ್ತೆ? ಅರ್ಧ ನಿಜ. ಎಲೆಕ್ಟ್ರಿಕ್ ಬಸ್ಸು ಕೊಳ್ಳೋದು ನಗರಸಭೆ ಕೆಲಸ ಅಲ್ಲ. 2023ರಲ್ಲಿ ಬೆಂಗಳೂರು–ಮೈಸೂರು ಮಾರ್ಗಕ್ಕೆ ಎಲೆಕ್ಟ್ರಿಕ್ ಬಸ್ಸು ತಂದದ್ದು ಸಾರಿಗೆ ನಿಗಮ. ಹಳ್ಳಿ ರೂಟಿನ ಡೀಸೆಲ್ ಬಸ್ಸುಗಳು ನಾಳೆ ಬೆಳಗ್ಗೆಗೇ ಬದಲಾಗೋದೂ ಇಲ್ಲ.

ಆದರೆ ನಾನು ಓದಿದ್ದು ಎಂಜಿನಿಯರಿಂಗ್, ಒಂದು ಸಣ್ಣ ಲೆಕ್ಕ ಮಾಡೋಣ. ನಿಂತಲ್ಲೇ ಎಂಜಿನ್ ಓಡಿಸುವ ಬಸ್ಸು ಗಂಟೆಗೆ ಸುಮಾರು 2 ಲೀಟರ್ ಡೀಸೆಲ್ ಕುಡಿಯುತ್ತೆ ಅಂತಿಟ್ಟುಕೊಳ್ಳಿ. ನಿಲ್ದಾಣದಿಂದ ಹೊರಬೀಳೋಕೆ ಪ್ರತಿ ಟ್ರಿಪ್‌ಗೆ 10 ನಿಮಿಷ, ದಿನಕ್ಕೆ 300 ಟ್ರಿಪ್. ಅಲ್ಲಿಗೆ 100 ಲೀಟರ್ ಡೀಸೆಲ್, ಸುಮಾರು 270 ಕಿಲೋ ಇಂಗಾಲದ ಡೈಆಕ್ಸೈಡ್. ಒಬ್ಬ ಪ್ರಯಾಣಿಕನನ್ನೂ ಒಂದು ಮೀಟರ್ ಮುಂದೆ ಕರೆದೊಯ್ಯದ ಹೊಗೆ! ಅದನ್ನ ಕುಡಿಯೋದು ಸ್ಟಾಪಿನಲ್ಲಿ ನಿಂತ ಕಾಲೇಜು ಹುಡುಗಿ, ಪಕ್ಕದಲ್ಲಿ ಹೂವು ಮಾರುವ ಅಮ್ಮ.

ಬಸ್ಸು ಯಾಕೆ ಸಿಕ್ಕಿಕೊಳ್ಳುತ್ತೆ? ತಿರುವಿನಲ್ಲಿ ಆಟೋ, ಅಂಗಡಿ ಮುಂದೆ ಕಾರು, ಬೆಳಗ್ಗೆ ಒಂಬತ್ತಕ್ಕೆ ಸರಕು ಇಳಿಸುವ ಗೂಡ್ಸ್ ಗಾಡಿ. ಈಗ ಹೇಳಿ, ಪಟ್ಟಣದೊಳಗಿನ ಒತ್ತುವರಿ, ಸಂತೆ, ಫುಟ್‌ಪಾತ್ ಯಾರ ಕೈಯಲ್ಲಿದೆ? ವಾಹನ ಎಲ್ಲಿ ನಿಲ್ಲಬೇಕು ಅನ್ನೋದನ್ನೂ ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಿಯೇ ನಿಗದಿ ಮಾಡಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಂ ಹೇಳುತ್ತೆ. ಕೇಳುವ ತನಕ ಕಾಯಬೇಕಾಗಿಲ್ಲ. ನಗರಸಭೆಯೇ ನಿರ್ಣಯ ಮಾಡಿ ಕಳಿಸಬಹುದು.

ಏನು ನಿರ್ಣಯ? ಬಸ್ ನಿಲ್ದಾಣದ ಎರಡೂ ಕಡೆ 200 ಮೀಟರ್ ಪಾರ್ಕಿಂಗ್ ಬೇಡ. ಶಾಲೆ, ಆಫೀಸಿನ ಹೊತ್ತಲ್ಲಿ ಸರಕು ಇಳಿಸೋದು ಬೇಡ. ಬಸ್ ಸ್ಟಾಪು ವೃತ್ತದ ಬಾಯಲ್ಲಿ ಬೇಡ, ವೃತ್ತ ದಾಟಿ ಮುಂದಿರಲಿ. ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲುವ ಬಸ್ಸು ಎಂಜಿನ್ ಆಫ್ ಮಾಡಲಿ, ಇದನ್ನ ಡಿಪೋ ಮ್ಯಾನೇಜರ್ ಜೊತೆ ಕೂತು ಒಪ್ಪಿಸಿ. ತಳ್ಳುಗಾಡಿಯವರನ್ನ ಓಡಿಸಬೇಡಿ, 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಜಾಗ ಗುರುತಿಸಿ ಕೊಡಿ. ಇದಕ್ಕೆಲ್ಲ ಬೇಕಿರೋದು ಬಣ್ಣ, ಬೋರ್ಡು, ಸ್ವಲ್ಪ ಗಟ್ಟಿ ಮನಸ್ಸು.

ವ್ಯಾಪಾರ ಹಾಳಾಗುತ್ತೆ ಅಂತ ಅಂಗಡಿಯವರು ಹೇಳ್ತಾರೆ. ಅವರ ಭಯ ಸುಳ್ಳಲ್ಲ, ಹತ್ತಿರದಲ್ಲೇ ಪಾರ್ಕಿಂಗ್ ಜಾಗ ತೋರಿಸಬೇಕು. ಆದರೆ ಅಣ್ಣಾ, ನಿಮ್ಮ ಅಂಗಡಿ ಮುಂದೆ ದಿನವಿಡೀ ನಿಂತ ಕಾರಿನಿಂದ ಬರೋದು ಎಷ್ಟು ಗಿರಾಕಿ? ಒಂದು ಬಸ್ಸಿನಿಂದ ಇಳಿಯೋದು ನಲವತ್ತು ಜನ.

2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಮೈಸೂರಿಗೆ ಹೋಗುವ ವಾಹನ ರಾಮನಗರ, ಚನ್ನಪಟ್ಟಣದ ಒಳಗೆ ಬರಲೇಬೇಕು ಅಂತಿಲ್ಲ. ಹಳೇ ಹೆದ್ದಾರಿಯಲ್ಲಿ ಬಿಡುವಾದ ಜಾಗವನ್ನ ಬಸ್ಸಿಗೆ, ನಡೆಯೋರಿಗೆ ಕೊಡೋ ಅವಕಾಶ ಮತ್ತೆ ಸಿಗಲ್ಲ. ಈ ಎರಡೂ ಊರಿಗೆ ರೈಲಾದರೂ ಇದೆ. ಕನಕಪುರ, ಮಾಗಡಿಗೆ ಅದೂ ಇಲ್ಲ, ಬಸ್ಸೇ ಗತಿ. ಅದೇ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ. ಟಿಕೆಟ್ ದುಡ್ಡು ಉಳೀತು, ಜಾಮಿನಲ್ಲಿ ಹೋಗೋ ಹೊತ್ತನ್ನ ಉಳಿಸೋರು ಯಾರು?

ನಿಮ್ಮ ವಾರ್ಡಿನ ಸದಸ್ಯರನ್ನ ಒಂದೇ ಮಾತು ಕೇಳಿ: ಮುಂದಿನ ಸಾಮಾನ್ಯ ಸಭೆಯ ಅಜೆಂಡಾದಲ್ಲಿ ಬಸ್ ನಿಲ್ದಾಣದ ಈ 200 ಮೀಟರ್ ಇದೆಯಾ? ಇಲ್ಲ ಅಂದ್ರೆ, ಯಾಕಿಲ್ಲ ಅಂತಲೂ ಕೇಳಿ.