ದಾಸ್ತಾನಿನ ಕಥೆ

ದಾಸ್ತಾನು ಎಂಬ ಮಾತು ನಮಗೆ ಅಂಗಡಿಯ ಲೆಕ್ಕದ ಪುಸ್ತಕದಿಂದ ಪರಿಚಿತವಾದುದು. ಉರ್ದುವಿನಲ್ಲಿ ಹೆಚ್ಚುಕಡಿಮೆ ಇದೇ ಉಚ್ಚಾರದ ಪದಕ್ಕೆ ಕಥೆಯೆಂದು ಅರ್ಥ. ಇವೆರಡರ ನಂಟನ್ನು ನಿಘಂಟುಕಾರರಿಗೆ ಬಿಟ್ಟು, ದಾಸ್ತಾನಿನ ಒಂದು ಕಥೆಯನ್ನು ಇಂದು ಕೇಳುಗರ ಮುಂದಿಡುತ್ತೇನೆ.

ಕಥೆಯ ಮೊದಲ ಭಾಗ ನನ್ನ ಮನೆಯ ಅಟ್ಟದ ಮೇಲಿದೆ. ನನ್ನ ವಿಮರ್ಶಾಗ್ರಂಥವೊಂದು ಸಾವಿರ ಪ್ರತಿ ಅಚ್ಚಾಗಿ, ಆರುನೂರು ಉಳಿದು, ಇಡಲು ಸ್ಥಳವಿಲ್ಲವೆಂದು ಪ್ರಕಾಶಕರು ಅವನ್ನು ನನಗೇ ಒಪ್ಪಿಸಿದರು. ಅವನ್ನು ಆಮೂಲಾಗ್ರವಾಗಿ ಓದಿದ್ದು ಗೆದ್ದಲು. ಮಾರದೆ ಕುಳಿತ ಪುಸ್ತಕಕ್ಕೂ ಬಾಡಿಗೆಯುಂಟು, ಬಡ್ಡಿಯುಂಟು ಎಂಬುದು ಬದುಕೆಲ್ಲ ಸಾಹಿತ್ಯ ಬೋಧಿಸಿದ ನನಗೆ ಆಗ ತಿಳಿಯಿತು.

1995ರ ಜುಲೈಯಲ್ಲಿ ಅಮೆರಿಕದ ಜೆಫ್ ಬೆಜೋಸ್ ಅಮೆಜಾನ್ ಎಂಬ ಪುಸ್ತಕದಂಗಡಿಯನ್ನು ಅಂತರಜಾಲದಲ್ಲಿ ತೆರೆದಾಗ, ಈ ಬಾಡಿಗೆ ಬಡ್ಡಿಗಳಿಂದ ತಪ್ಪಿಸಿಕೊಳ್ಳಲು ಒಂದು ಉಪಾಯ ಹೂಡಿದರು. ದಾಸ್ತಾನನ್ನು ಬಹುಮಟ್ಟಿಗೆ ಇಡಲೇ ಇಲ್ಲ. ಓದುಗನ ಬೇಡಿಕೆ ಬಂದ ಮೇಲೆ ಸಗಟು ವ್ಯಾಪಾರಿಯಿಂದ ಪುಸ್ತಕ ತರಿಸುವುದು. ಓದುಗನ ಹಣ ಮೊದಲು ಕೈಸೇರುತ್ತಿತ್ತು. ವ್ಯಾಪಾರಿಗೆ ಸಲ್ಲಿಸುವುದು ಕೆಲವು ವಾರಗಳ ಮೇಲೆ. ನಡುವೆ ನಿಂತ ಆ ಹಣ ಬೆಳವಣಿಗೆಗೆ ಗೊಬ್ಬರವಾಯಿತು. ಆದರೆ ಸಗಟು ವ್ಯಾಪಾರಿಗಳು ಒಮ್ಮೆಗೆ ಹತ್ತು ಪುಸ್ತಕಕ್ಕೆ ಕಡಮೆ ಬೇಡಿಕೆಯನ್ನು ಒಪ್ಪುತ್ತಿರಲಿಲ್ಲ. ಹತ್ತು ಬರೆದರೆ ಸಾಕು, ಹತ್ತೂ ಬರಲೇಬೇಕೆಂಬ ನಿಯಮವಿಲ್ಲ ಎಂಬುದನ್ನು ಕಂಡುಕೊಂಡ ಬೆಜೋಸರ ಬಳಗ, ಬೇಕಾದ ಒಂದು ಪುಸ್ತಕದ ಜೊತೆಗೆ, ವ್ಯಾಪಾರಿಯಲ್ಲಿ ಮುಗಿದುಹೋಗಿದ್ದ, ಕಲ್ಲುಹೂವುಗಳನ್ನು ಕುರಿತ ಗ್ರಂಥವೊಂದರ ಒಂಬತ್ತು ಪ್ರತಿಗಳನ್ನು ಕೇಳುತ್ತಿತ್ತಂತೆ. ಬೇಕಾದದ್ದು ಬರುತ್ತಿತ್ತು; ಕಲ್ಲುಹೂವಿಗೆ ಕ್ಷಮೆ ಕೋರಿದ ಉತ್ತರ. ಬೆಜೋಸರೇ ಹೇಳಿಕೊಂಡ ಸಂಗತಿಯಿದು. ನಮ್ಮ ಅಡುಗೆಮನೆಯ ಕಲ್ಲುಹೂವು ಆ ಮಹಾಸಂಸ್ಥೆಗೂ ಮಸಾಲೆಯಾಯಿತಲ್ಲ ಎಂದು ನಕ್ಕೆ.

ಉಪಾಯಕ್ಕೆ ಮಿತಿಯಿತ್ತು. ಪುಸ್ತಕ ಕೈಯಲ್ಲಿಲ್ಲದವನು ನಾಳಿದ್ದು ತಲುಪಿಸುತ್ತೇನೆಂದು ಮಾತು ಕೊಡಲಾರ. 1997ರಲ್ಲಿ ಅಮೆಜಾನ್ ತನ್ನ ಉಗ್ರಾಣವನ್ನು 50,000 ಚದರ ಅಡಿಯಿಂದ 2,85,000ಕ್ಕೆ ಹಿಗ್ಗಿಸಿತು. ವರ್ಷಾಂತ್ಯಕ್ಕೆ 2 ಲಕ್ಷಕ್ಕೂ ಮಿಕ್ಕ ಶೀರ್ಷಿಕೆಗಳು ಅಲ್ಲಿ ಕೂಡಿದ್ದವು. ಕಟ್ಟಿದವರೆಲ್ಲ ಬೆಳೆದರೆಂದಲ್ಲ. ದಿನಸಿ ಮಾರಹೊರಟ ವೆಬ್‌ವ್ಯಾನ್, ಗಿರಾಕಿಗಳು ನೆರೆಯುವ ಮುನ್ನವೇ 1999ರಲ್ಲಿ 100 ಕೋಟಿ ಡಾಲರಿನ ಉಗ್ರಾಣಗಳಿಗೆ ಗುತ್ತಿಗೆ ಕೊಟ್ಟು, 2001ರಲ್ಲಿ ಬಾಗಿಲು ಮುಚ್ಚಿತು.

ಅಮೆಜಾನಿನ ಉಗ್ರಾಣದ ಒಳವ್ಯವಸ್ಥೆ ನನ್ನಂಥ ಗ್ರಂಥಾಲಯದ ಹುಳುವಿಗೆ ಅಪಚಾರವೆಂದೇ ತೋರುತ್ತದೆ. ನಮ್ಮಲ್ಲಿ ವಚನದ ಪಕ್ಕ ವಚನ, ಛಂದಸ್ಸಿನ ಪಕ್ಕ ಛಂದಸ್ಸು. ಅಲ್ಲಿ ಎಲ್ಲಿ ತೆರಪಿದೆಯೋ ಅಲ್ಲಿ ಇಡುವುದು. ಕಾದಂಬರಿಯ ಪಕ್ಕದಲ್ಲಿ ಮಗುವಿನ ಗಿಲಕಿ. ಸ್ಥಳವನ್ನು ಗಣಕಯಂತ್ರ ನೆನಪಿಟ್ಟಿರುತ್ತದೆ. ಸ್ಥಳ ವ್ಯರ್ಥವಾಗದು; ಒಂದೇ ಬಗೆಯ ಎರಡು ಪುಸ್ತಕಗಳು ಅಕ್ಕಪಕ್ಕ ಇಲ್ಲದ್ದರಿಂದ ಕೈತಪ್ಪಿ ಬೇರೊಂದನ್ನು ಎತ್ತುವುದೂ ಕಡಮೆ. ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡೆ.

ನಮ್ಮ ಬೆಂಗಳೂರಿನಲ್ಲಿ 2007ರಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಆರಂಭಿಸಿದ ಫ್ಲಿಪ್‌ಕಾರ್ಟ್ ಕೂಡ ಪುಸ್ತಕದಿಂದಲೇ ಹೊರಟು ಉಗ್ರಾಣಕ್ಕೆ ಬಂದು ನಿಂತಿತು. ವಿದೇಶಿ ಬಂಡವಾಳದ ಸಂಸ್ಥೆ ದಾಸ್ತಾನಿನ ಒಡೆಯನಾಗಿ ನೇರವಾಗಿ ಗಿರಾಕಿಗೆ ಮಾರಕೂಡದೆಂದು ಸರ್ಕಾರ 2016ರಲ್ಲಿ ಸ್ಪಷ್ಟಪಡಿಸಿತು. ಸರಕು ಮಾರಾಟಗಾರನದು, ಪೇಟೆ ಮಾತ್ರ ಸಂಸ್ಥೆಯದು ಎಂಬ ಏರ್ಪಾಡು.

ನನ್ನ ಕಳವಳವಿರುವುದು ಬೇರೆಡೆ. ಯಾವ ಪುಸ್ತಕವನ್ನು ಯಾವ ಊರಿನ ಉಗ್ರಾಣದಲ್ಲಿಡಬೇಕೆಂಬುದನ್ನು ಹಿಂದಿನ ಮಾರಾಟದ ಲೆಕ್ಕ ನಿರ್ಧರಿಸುತ್ತದೆ. ನಿಧಾನವಾಗಿ ಮಾರುವ ಕನ್ನಡ ಗ್ರಂಥ ಹತ್ತಿರದಲ್ಲಿರದು. ಹತ್ತಿರದಲ್ಲಿಲ್ಲದ್ದು ತಡವಾಗಿ ಬರುತ್ತದೆ. ತಡವಾದುದನ್ನು ಕೊಳ್ಳುವವರು ಇನ್ನೂ ಕಡಮೆ. ಲೆಕ್ಕದಲ್ಲಿ ತಪ್ಪಿಲ್ಲ, ಆದರೂ ಪುಸ್ತಕ ಮರೆಯಾಗುತ್ತದೆ. ಬೇಕಾದಾಗ ಬೇಕಾದಷ್ಟೇ ಪ್ರತಿ ಅಚ್ಚುಮಾಡುವ ಯಂತ್ರಗಳು ಬಂದಿರುವುದು ಸಮಾಧಾನದ ಸಂಗತಿ.

ಹೋದ ವರ್ಷ ಕಲಬುರಗಿಯ ಸಂಶೋಧನ ವಿದ್ಯಾರ್ಥಿನಿಯೊಬ್ಬಳು ನನ್ನ ಆ ಗ್ರಂಥ ಎಲ್ಲಿಯೂ ಸಿಗಲಿಲ್ಲವೆಂದು ನನಗೇ ಬರೆದಳು. ಅಟ್ಟ ಹತ್ತಿ ಹುಡುಕಿದೆ. ಗೆದ್ದಲು ಬಿಟ್ಟದ್ದರಲ್ಲಿ ಓದಬಹುದಾದ ಪ್ರತಿಗಳು ಹನ್ನೊಂದು. ಒಂದನ್ನು ಧೂಳು ಕೊಡವಿ ಅಂಚೆಗೆ ಹಾಕಿ, ಬಂದು ದಿನಚರಿಯಲ್ಲಿ ಬರೆದುಕೊಂಡೆ: ದಾಸ್ತಾನು, ಹತ್ತು.